ಗೊಂಬೆ ಸತ್ತ ದಿನ

ಹೌಸ್ ಸರ್ಜನ್ ಆಗಿರುವ ಮಗಳು ರಜೆಗೆಂದು ಮನೆಗೆ ಬಂದಿದ್ದಳು. ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು, ತುತ್ತು ಎತ್ತಲಿಲ್ಲ.

"ಏನಾಯಿತೇ?" ಎಂದೆ.

"ಅಮ್ಮಾ, ನನ್ನ ಕೈಯಲ್ಲಿ ಪೇಷಂಟ್ ಸತ್ತುಹೋದ."

ನನ್ನ ಎದೆ ಧಸಕ್ಕೆಂದಿತು. ಸ್ವಲ್ಪ ತಡೆದು, "ನಿಜವಾದವನಲ್ಲ, ಗೊಂಬೆ" ಎಂದಳು. ನಾನು ನಕ್ಕುಬಿಟ್ಟೆ. ಅವಳ ಕಣ್ಣಲ್ಲಿ ನೀರಿತ್ತು. ಹಾಗೆ ನಕ್ಕದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಕೇಳಿ ತಿಳಿದುಕೊಂಡೆ. 2019ರಲ್ಲಿ ಹೊಸ ಪಠ್ಯಕ್ರಮ ಬಂದ ಮೇಲೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ಸ್ ಲ್ಯಾಬ್ ಇರಲೇಬೇಕು. ಇವಳ ಕಾಲೇಜಿನ ಲ್ಯಾಬಿನಲ್ಲಿರುವ ಗೊಂಬೆ ಉಸಿರಾಡುತ್ತದೆ, ಅದರ ನಾಡಿ ಮಿಡಿಯುತ್ತದೆ. ಗಾಜಿನಾಚೆ ಕೂತ ಮೇಷ್ಟ್ರು ಕಂಪ್ಯೂಟರಿನಲ್ಲಿ ಅದರ ರಕ್ತದೊತ್ತಡ ಇಳಿಸುತ್ತಾರೆ. ಅಂದು ಇವಳೇ ತಂಡದ ಮುಂದಾಳು. ಏನು ಮಾಡಿದರೂ ಪರದೆಯ ಮೇಲಿನ ಗೆರೆ ನೆಟ್ಟಗಾಯಿತು.

"ಗೊಂಬೆಯೆಂದು ಗೊತ್ತಿತ್ತಲ್ಲವೇ?"

"ಗೊತ್ತಿತ್ತು. ಆದರೂ ಕೈ ತಣ್ಣಗಾಯಿತು. ದಿನಾ ಹೇಳುವ ಔಷಧದ ಹೆಸರೇ ಬಾಯಿಗೆ ಬರಲಿಲ್ಲ. ಎಲ್ಲರೂ ನೋಡುತ್ತಿದ್ದರು."

ಎಲ್ಲರೂ ನೋಡುತ್ತಿದ್ದರು ಎಂದಾಗ ನನಗೆ ಅರ್ಥವಾಯಿತು. ತವರಿನಲ್ಲಿ ನೂರಾರು ಹೋಳಿಗೆ ತಟ್ಟಿದ ನನಗೆ, ಮದುವೆಯಾದ ವರ್ಷ ಅತ್ತೆ ಎದುರಿಗೆ ನಿಂತಾಗ ಕಣಕ ಹರಿದು ಹೂರಣ ಹೊರಗೆ ಬಂದಿತ್ತು. ಎದುರಿಗಿರುವುದು ಗೊಂಬೆಯೋ ಹೋಳಿಗೆಯೋ, ಮೈ ಅದನ್ನು ವಿಚಾರಿಸುವುದಿಲ್ಲ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಎದೆ ಬಡಿದುಕೊಳ್ಳುತ್ತದೆ. ರೋಗಿ ಸುಳ್ಳಾದರೂ ಹೆದರಿಕೆ ನಿಜ.

1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್, ಉಸಿರು ತುಂಬುವುದನ್ನು ಕಲಿಸಲು ಆ್ಯನ್ ಎಂಬ ಗೊಂಬೆ ಮಾಡಿದ. ಕಲಿಯುವವರು ಅಂಜಬಾರದೆಂದು ಸೌಮ್ಯವಾದ ಹೆಣ್ಣು ಮುಖವನ್ನೇ ಆರಿಸಿದನಂತೆ. ಇಂದಿನ ಗೊಂಬೆ ಬೇಕೆಂದೇ ಹೆದರಿಸುತ್ತದೆ. ಇದು ಸರಿಯೇ? ಹೆದರುವವರ ಮೇಲೆ ಹಾವೆಸೆದಂತೆ ಆಗಲಿಲ್ಲವೇ? ಕೆನಡಾದ ಕ್ಯಾಲ್ಗರಿಯಲ್ಲಿ ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಗೊಂಬೆ ಅನಿರೀಕ್ಷಿತವಾಗಿ ಸತ್ತವರು, ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಗೊಂಬೆ ಬದುಕಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು.

ಇಷ್ಟು ತಿಳಿದ ಮೇಲೆ ಆ ಮೇಷ್ಟ್ರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅಂದು ರಾತ್ರಿ ಅಪ್ಪ ನೆನಪಾದರು. 1998ರಲ್ಲಿ ಅವರಿಗೆ ಹೃದಯಾಘಾತವಾದಾಗ ಅವರ ಎದೆ ಒತ್ತಿದವನು ಮೀಸೆಯೂ ಸರಿಯಾಗಿ ಮೂಡದ ಹುಡುಗ ಡಾಕ್ಟರು. ಅವನ ಕೈ ನಡುಗುತ್ತಿತ್ತು. ಅಪ್ಪ ಉಳಿಯಲಿಲ್ಲ. ನಾನು ಅವನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಅವನಿಗೆ ಅದೇ ಮೊದಲ ಸಲವೋ ಏನೋ. ಗೊಂಬೆಯ ಮುಂದೆ ನಡುಗದ ಕೈ ಯಾರದೋ ಅಪ್ಪನ ಮುಂದೆ ನಡುಗಬೇಕಾಗುತ್ತದೆ. ಮಗಳಿಗೆ ಹೆದರಿಕೆಯೇ ಬೇಡ ಎನ್ನುವ ತಾಯಿ, ಆ ಹೆದರಿಕೆಯನ್ನು ಇನ್ನೊಬ್ಬರ ಮನೆಯವರಿಗೆ ಕಳಿಸಿದಂತೆಯೇ.

ಬೆಳಿಗ್ಗೆ ಕೇಳಿದೆ, "ಎಲ್ಲ ಮುಗಿದ ಮೇಲೆ ಮೇಷ್ಟ್ರು ಏನೆಂದರು?"

"ಏನೂ ಇಲ್ಲ. ಇನ್ನೊಂದು ಬ್ಯಾಚ್ ಕಾಯುತ್ತಿತ್ತು. ಹೋಗಿ ಎಂದರು."

ಹೀಗೆ ಕಲಿಸಿದ ಮೇಲೆ ಕೂತು ಮಾತಾಡುವುದೇ ಕಲಿಕೆಯ ಮುಖ್ಯ ಭಾಗವಂತೆ. ಎಲ್ಲಿ ತಪ್ಪಿತು, ಎಲ್ಲಿ ತಪ್ಪಲಿಲ್ಲ, ಯಾವುದು ಯಾರ ಕೈಯಲ್ಲೂ ಇರಲಿಲ್ಲ ಎಂದು ಬಿಡಿಸಿ ನೋಡಬೇಕು. ಅಷ್ಟನ್ನೇ ಬಿಟ್ಟಿದ್ದರು. ಹೆದರಿಸಿದ್ದನ್ನು ನಾನು ಒಪ್ಪಿಕೊಂಡೇನು. ಹೆದರಿಸಿ, ಒಂಟಿಯಾಗಿ ಕಳಿಸಿದ್ದನ್ನು ಒಪ್ಪಲಾರೆ. ಅಂದು ಹರಿದ ಹೋಳಿಗೆಯನ್ನು ಪಕ್ಕಕ್ಕಿಟ್ಟು, ಅತ್ತೆ ನನ್ನ ಕೈಹಿಡಿದು ಇನ್ನೊಂದು ತಟ್ಟಿಸಿದ್ದರು.

"ನನಗೂ ಹೇಳಿಕೊಡೆ" ಎಂದು ನೆಲದ ಮೇಲೆ ದಿಂಬು ಹಾಕಿದೆ. ಎದೆಯ ನಡುವೆ, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕಂತೆ. ಅರ್ಧ ನಿಮಿಷಕ್ಕೇ ನನ್ನ ತೋಳು ಸೋತಿತು, ಲೆಕ್ಕ ತಪ್ಪಿತು. ಮಗಳು ಪಕ್ಕದಲ್ಲಿ ಮಂಡಿಯೂರಿ, ನನ್ನ ಕೈಮೇಲೆ ಕೈಯಿಟ್ಟಳು.

"ಪರವಾಗಿಲ್ಲ ಅಮ್ಮಾ, ಇನ್ನೊಂದು ಸಲ" ಎಂದಳು.