ಪಾತಿ ನಮ್ಮದು, ಮಳೆ ಅವನದು

ಗುಬ್ಬಿ ತಾಲ್ಲೂಕಿನ ಒಂದು ತೆಂಗಿನ ತೋಟ. ಮೇ ತಿಂಗಳ ಬೆಳಗ್ಗೆ ವಯಸ್ಸಾದವರೊಬ್ಬರು ಪಾತಿ ಬಿಡಿಸುತ್ತಿದ್ದರು. ಬುಡದಿಂದ ಒಂದು ಮಾರು ದೂರಕ್ಕೆ ಗುದ್ದಲಿ ಹಾಕಿ, ಮಣ್ಣು ಎಳೆದು, ಸುತ್ತ ಸಣ್ಣ ಬದು ಕಟ್ಟಿ, ಒಳಗೆ ಕೊಟ್ಟಿಗೆ ಗೊಬ್ಬರ ಹರಡಿ, ಮೇಲೆ ಒಣಗರಿ ಮುಚ್ಚುತ್ತಿದ್ದರು. ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ. ‘ಮಳೆ ಹಿಡಿದ ಮೇಲೆ ಮಾಡಬಹುದಲ್ಲಾ ಯಜಮಾನ್ರೇ?’ ಎಂದೆ. ಅವರು ಗುದ್ದಲಿ ನಿಲ್ಲಿಸದೆಯೇ, ‘ನಾನು ಪಾತಿ ಮಾಡೋಗಂಟ ಅದು ನಿಂತು ಕಾಯ್ತದಾ ಸ್ವಾಮಿ?’ ಎಂದರು.

ಕ್ರೈಸ್ತ ಪರಂಪರೆಯ ಮೌನ ಪ್ರಾರ್ಥನೆ ಎಂದರೇನು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಪಾತಿ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಸಭೆಗಳಲ್ಲಿ ಪ್ರಾರ್ಥನೆ ಎಂದರೆ ಸಾಮಾನ್ಯವಾಗಿ ಮಾತು. ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಹೇಳುವುದು, ಮನೆಕೂಟದಲ್ಲಿ ಕಣ್ಣು ಮುಚ್ಚಿ ಒಬ್ಬೊಬ್ಬರಾಗಿ ಬಾಯಿಬಿಟ್ಟು ಬೇಡುವುದು, ಕಥೋಲಿಕರ ಮನೆಗಳಲ್ಲಿ ಸಂಜೆಯ ಜಪಸರ. ಮಗಳ ಮದುವೆ, ಮಗನ ಕೆಲಸ, ಕಾಯಿಲೆ, ಸಾಲ ಎಲ್ಲವೂ ಅಲ್ಲಿ ದೇವರ ಮುಂದೆ ಬರುತ್ತವೆ, ಬರಲೇಬೇಕು. ಆದರೆ ಇದೇ ಪರಂಪರೆಯೊಳಗೆ ಇನ್ನೊಂದು ಬಗೆಯೂ ಹಿಂದಿನಿಂದ ನಡೆದುಬಂದಿದೆ. ಮಾತು ತನ್ನ ಕೆಲಸ ಮುಗಿಸಿ ಬದಿಗೆ ಸರಿದ ಮೇಲೆ ದೇವರ ಸನ್ನಿಧಿಯಲ್ಲಿ ಸುಮ್ಮನೆ, ಎಚ್ಚರವಾಗಿ, ಪ್ರೀತಿಯಿಂದ ಇರುವುದು. ಗ್ರೀಕಿನಲ್ಲಿ ಇದನ್ನು ‘ಥಿಯೋರಿಯಾ’ ಎಂದರು, ಲ್ಯಾಟಿನ್ನಿನಲ್ಲಿ ‘ಕಾಂಟೆಂಪ್ಲಾಸಿಯೊ’. ಎರಡರ ಅರ್ಥವೂ ನೆಟ್ಟ ನೋಟ. ನಾವು ಧ್ಯಾನ ಪ್ರಾರ್ಥನೆ, ಮೌನ ಪ್ರಾರ್ಥನೆ ಎನ್ನುತ್ತೇವೆ.

ಈ ಸೂಕ್ಷ್ಮವಾದ ವಿಚಾರವನ್ನು ತೋಟದ ಭಾಷೆಯಲ್ಲಿ ಹೇಳಿದವರು ಸ್ಪೇನಿನ ಆವಿಲಾ ಊರಿನ ಸಂತ ತೆರೇಸಾ (1515–1582). ಕಾರ್ಮೆಲ್ ಸಂನ್ಯಾಸಿನಿಯಾಗಿದ್ದ ಅವರು 1560ರ ದಶಕದಲ್ಲಿ ಬರೆದ ಆತ್ಮಕಥೆಯಲ್ಲಿ ಆತ್ಮವನ್ನು ತೋಟವೆಂದು ಕರೆದು, ಅದಕ್ಕೆ ನೀರುಣಿಸುವ ನಾಲ್ಕು ಬಗೆಗಳನ್ನು ವಿವರಿಸಿದ್ದಾರೆ: ಬಾವಿಯಿಂದ ಸೇದುವುದು, ಯಂತ್ರ ಕಟ್ಟಿ ಎತ್ತುವುದು, ಹೊಳೆಯ ನೀರು ಹರಿಸುವುದು, ಮಳೆ. ಈ ನಾಲ್ಕನ್ನೂ ಕಂಡ ಜಿಲ್ಲೆ ನಮ್ಮದು. ಆದ್ದರಿಂದ ತೆರೇಸಾ ಹೇಳಿದ್ದು ತುಮಕೂರಿನವರಿಗೆ ಸುಲಭವಾಗಿ ಅರ್ಥವಾಗಬೇಕು.

ಮೊದಲನೆಯದು ಬಾವಿ. ಹಗ್ಗ, ಕೊಡ, ರಟ್ಟೆಯ ಬಲ. ಪ್ರಾರ್ಥನೆಗೆ ಹೊಸದಾಗಿ ಕೂತವರ ಸ್ಥಿತಿ ಇದು. ಬೈಬಲಿನ ಒಂದು ಭಾಗವನ್ನು ನಿಧಾನವಾಗಿ ಓದಬೇಕು, ತಾಕಿದ ಮಾತಿನ ಹತ್ತಿರ ನಿಲ್ಲಬೇಕು, ಅದನ್ನೇ ಮತ್ತೆ ಮತ್ತೆ ನುಡಿದುಕೊಳ್ಳಬೇಕು. ಕೀರ್ತನೆಗಳ ಮೊದಲ ಅಧ್ಯಾಯದಲ್ಲಿ ಕನ್ನಡ ಬೈಬಲು ‘ಧ್ಯಾನಿಸು’ ಎಂದು ಹೇಳುವ ಕಡೆ ಹೀಬ್ರೂ ಮೂಲದಲ್ಲಿರುವ ಪದ ‘ಹಾಗಾ’. ಪಾರಿವಾಳದ ಗುಟುರಿಗೂ, ಬೇಟೆಯ ಮೇಲೆ ಕಾಲೂರಿದ ಸಿಂಹದ ಗುರುಗುಟ್ಟುವಿಕೆಗೂ ಅದೇ ಪದ. ಅಂದರೆ ಆ ಕಾಲದ ಧ್ಯಾನ ಬರೀ ತಲೆಯ ಕೆಲಸವಾಗಿರಲಿಲ್ಲ; ತುಟಿ, ಗಂಟಲು, ಉಸಿರು ಎಲ್ಲ ಅದರಲ್ಲಿ ಸೇರಿದ್ದವು. ಮಠಗಳಲ್ಲಿ ಇದಕ್ಕೆ ಹಸುವಿನ ಮೆಲುಕಿನ ಹೋಲಿಕೆ ಕೊಟ್ಟರು. 12ನೆಯ ಶತಮಾನದ ಎರಡನೆಯ ಗ್ವಿಗೊ ಎಂಬ ಸಂನ್ಯಾಸಿ ಇದನ್ನೇ ನಾಲ್ಕು ಮೆಟ್ಟಿಲಾಗಿ ಜೋಡಿಸಿದರು: ಓದು, ಮನನ, ಪ್ರಾರ್ಥನೆ, ಕೊನೆಗೆ ಮೌನದ ನೋಟ. ಓದುವುದು ತುತ್ತನ್ನು ಬಾಯಿಗಿಟ್ಟಂತೆ, ಮನನ ಅಗಿದಂತೆ, ಪ್ರಾರ್ಥನೆ ರುಚಿ ಹತ್ತಿದಂತೆ. ಕೊನೆಯದು ಆ ಸವಿಯೇ ಎಂಬುದು ಅವರ ವಿವರಣೆ. ಕನ್ನಡದಲ್ಲಿ ಹಳೆಯದನ್ನು ನೆನೆಯುವುದಕ್ಕೂ ‘ಮೆಲುಕು ಹಾಕುವುದು’ ಎನ್ನುತ್ತೇವೆ. ಕೊಟ್ಟಿಗೆಯಲ್ಲಿ ಅರೆಗಣ್ಣು ಮುಚ್ಚಿ ಮಲಗಿರುವ ಹಸುವನ್ನು ನೋಡಿದವರಿಗೆ ಈ ಮೆಟ್ಟಿಲುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಯಂತ್ರದ ನೀರು; ನಮ್ಮಲ್ಲಾದರೆ ಕಪಿಲೆ. ಎತ್ತು ಹಿಂದೆ ಮುಂದೆ ನಡೆಯುತ್ತಿದ್ದರೆ ನೀರು ತಾನಾಗಿ ಮೇಲಕ್ಕೆ ಬರುತ್ತದೆ. ಶ್ರಮ ಕಡಿಮೆ, ನೀರು ಹೆಚ್ಚು. ಇಲ್ಲಿ ಹಲವು ಮಾತು ಸೋಸಿ ಒಂದೇ ಮಾತಾಗುತ್ತದೆ ಎಂದು ನಾನು ತಿಳಿಯುತ್ತೇನೆ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕಲಿತು 5ನೆಯ ಶತಮಾನದ ಮೊದಲಲ್ಲಿ ಬರೆದ ಜಾನ್ ಕ್ಯಾಸಿಯನ್, ದೇವರ ನೆರವನ್ನು ಕೂಗಿ ಕರೆಯುವ ಕೀರ್ತನೆಯ ಒಂದೇ ವಚನವನ್ನು ಏಳುವಾಗ, ಮಲಗುವಾಗ, ಕೆಲಸದಲ್ಲಿ ಬಿಡದೆ ಹೇಳಿಕೊಳ್ಳಲು ಕಲಿಸಿದರು. ಪೂರ್ವದ ಸಭೆಗಳಲ್ಲಿ ಯೇಸುವಿನ ಹೆಸರು ಹಿಡಿದು ಕರುಣೆ ಬೇಡುವ ಒಂದು ವಾಕ್ಯ ಉಸಿರಿನ ಜೊತೆ ಬೆರೆಯಿತು. 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರು ಹೇಳದ ಲೇಖಕರೊಬ್ಬರು ‘ದಿ ಕ್ಲೌಡ್ ಆಫ್ ಅನ್‌ನೋಯಿಂಗ್’ ಎಂಬ ಕೃತಿಯಲ್ಲಿ, ಪದ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು ಎಂದರು. ಕನ್ನಡಿಗರಿಗೆ ಅಂಥ ಪದ ಹುಡುಕುವ ಕಷ್ಟವಿಲ್ಲ. ಯೇಸು ದೇವರನ್ನು ಕರೆದ ಅರಾಮಿಕ್ ಪದ ‘ಅಬ್ಬಾ’. ನಮ್ಮ ‘ಅಪ್ಪಾ’ ಅದಕ್ಕೆ ಕಿವಿಯಲ್ಲೂ ಅರ್ಥದಲ್ಲೂ ಹತ್ತಿರ.

ಮೂರನೆಯದು ಹರಿವ ನೀರು. ಕಡಬದಂಥ ದೊಡ್ಡ ಕೆರೆಯ ಕೆಳಗೆ ಬೇಸಾಯ ಮಾಡಿದವರಿಗೆ ನೀರುಗಂಟಿ ಗೊತ್ತು. ತೂಬು ಎತ್ತಿದ ಮೇಲೆ ಅವನು ನೀರನ್ನು ಎಳೆಯುವುದಿಲ್ಲ, ಹೊರುವುದಿಲ್ಲ. ಕಾಲುವೆಯ ಪಕ್ಕದಲ್ಲೇ ನಡೆಯುತ್ತಾ ಒಂದು ಕಡೆ ಮಡೆ ಕಟ್ಟಿ ಇನ್ನೊಂದು ಕಡೆ ಬಿಡಿಸುತ್ತಾನೆ. ಪ್ರಾರ್ಥನೆ ಈ ಹಂತಕ್ಕೆ ಬಂದಾಗ ಮನುಷ್ಯನಿಗೆ ಉಳಿಯುವ ಕೆಲಸ ಒಪ್ಪಿಗೆ ಮಾತ್ರ. ನಾಲ್ಕನೆಯದು ಮಳೆ. ಅದರಲ್ಲಿ ತೋಟಗಾರನ ಕೈ ಎಳ್ಳಷ್ಟೂ ಇಲ್ಲ.

ಇಡೀ ತತ್ತ್ವದ ತಿರುಳು ಬಾವಿಯಿಂದ ಮಳೆಯ ಕಡೆಗಿನ ಈ ನಡಿಗೆಯಲ್ಲಿದೆ. ಪ್ರಾರ್ಥನೆ ಬಲಿತಂತೆಲ್ಲ ನಮ್ಮ ದುಡಿಮೆ ಕಡಿಮೆಯಾಗುತ್ತಾ ಪಡೆಯುವುದು ಹೆಚ್ಚಾಗುತ್ತದೆ. ಕ್ರೈಸ್ತರು ಇದನ್ನು ಕೃಪೆ ಎನ್ನುತ್ತಾರೆ. ಮೌನವನ್ನು ಮನಸ್ಸು ಖಾಲಿ ಮಾಡುವ ಒಂದು ಕೌಶಲವೆಂದು ಹಿಡಿದರೆ ಅದು ಇನ್ನೂ ಬಾವಿಯ ಕಟ್ಟೆಯ ಮೇಲೆಯೇ ನಿಂತಿದೆ. ಇಲ್ಲಿ ಮೌನಕ್ಕೆ ಬೆಲೆ ಬರುವುದು ಎದುರಿಗೆ ಒಬ್ಬರು ಇದ್ದಾರೆ ಎಂಬುದರಿಂದ.

ಹಾಗಾದರೆ ಮಾತೇಕೆ ಸಾಲದು? ದೇವರ ಬಗ್ಗೆ ನಾವು ಕಟ್ಟಿಕೊಂಡ ಯಾವ ಕಲ್ಪನೆಯೂ ದೇವರಷ್ಟು ದೊಡ್ಡದಲ್ಲ. ತಂದೆ ಎಂದರೂ ನಮ್ಮ ಮನಸ್ಸಿಗೆ ಬರುವುದು ನಾವು ಕಂಡ ತಂದೆಯರೇ. ಬೆಳಕು ಎಂದರೂ ನಾವು ಕಂಡ ಬೆಳಕೇ. ಆದ್ದರಿಂದ ಹೇಳಿದ್ದನ್ನು ಹೇಳಿದ ಮೇಲೆ ಕೆಳಗಿಡುವ ಒಂದು ದಾರಿ ಕ್ರೈಸ್ತ ಚಿಂತನೆಯಲ್ಲಿ ಮೊದಲಿನಿಂದ ಇದೆ. ಹಾಗೆಂದು ದೇವರು ಕೈಗೆ ಸಿಗದ ದೂರದಲ್ಲಿ ಉಳಿದುಬಿಡುತ್ತಾನೆಯೇ? 14ನೆಯ ಶತಮಾನದಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ಸಂನ್ಯಾಸಿಗಳ ಮೌನವನ್ನು ವಿದ್ವಾಂಸರು ಹೀಗಳೆದಾಗ ಅವರಲ್ಲೇ ಒಬ್ಬರಾದ ಗ್ರೆಗರಿ ಪಲಮಾಸ್ ಕೊಟ್ಟ ಉತ್ತರ ಇದು: ದೇವರ ಸ್ವರೂಪ ಯಾರ ಅರಿವಿಗೂ ನಿಲುಕುವುದಿಲ್ಲ, ಆದರೆ ಅವನ ಶಕ್ತಿ ನಿಜವಾಗಿಯೂ ನಮ್ಮನ್ನು ಮುಟ್ಟುತ್ತದೆ. ಸೂರ್ಯನನ್ನು ಹಿಡಿಯಲಾಗದು, ಬಿಸಿಲಿಗೆ ಬೆನ್ನೊಡ್ಡಿ ಕೂರಬಹುದು.

ಈ ನೆಲಕ್ಕೆ ಇಂಥ ಮಾತು ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ಸಿದ್ಧಲಿಂಗ ಯತಿಗಳು ಹನ್ನೆರಡು ವರ್ಷ ಶಿವಯೋಗದಲ್ಲಿ ಕೂತಾಗ ಸುತ್ತ ಹುತ್ತ ಬೆಳೆಯಿತು, ಹಸುವೊಂದು ಬಂದು ಹಾಲು ಸುರಿಸುತ್ತಿತ್ತು ಎಂಬ ಐತಿಹ್ಯವನ್ನು ಎಡೆಯೂರಿಗೆ ಹೋಗುವ ಭಕ್ತರು ಇಂದಿಗೂ ಹೇಳುತ್ತಾರೆ. ಅವರಿಗೆ ತೋಂಟದ ಎಂಬ ಹೆಸರು ಬಂದದ್ದೇ ಆ ತೋಟದಿಂದ. ಎರಡು ದಾರಿಗಳನ್ನೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಶರಣರ ಸಾಧನೆ ಲಿಂಗಾಂಗ ಸಾಮರಸ್ಯದ ಕಡೆಗೆ, ಬಯಲಿನ ಕಡೆಗೆ ನಡೆಯುತ್ತದೆ. ಕ್ರೈಸ್ತ ಮೌನದಲ್ಲಿ ದೇವರು ದೇವರಾಗಿ, ಮನುಷ್ಯ ಮನುಷ್ಯನಾಗಿ ಉಳಿದೇ ಪ್ರೀತಿಯಲ್ಲಿ ಒಂದಾಗುತ್ತಾರೆ. ಆದರೆ ಕೊಡುವವನ ಮುಂದೆ ಕಾದು ಕೂರುವುದು ಏನೆಂದು ಹುತ್ತದ ಕಥೆ ಕೇಳಿ ಬೆಳೆದವರಿಗೆ ಮೊದಲೇ ಗೊತ್ತಿರುತ್ತದೆ.

ಇನ್ನು ಈ ದಾರಿಯ ದೊಡ್ಡ ಅಪಾಯ. ಎಲ್ಲವೂ ಮಳೆಯೇ ಆದರೆ ಗುದ್ದಲಿ ಏಕೆ ಎಂದು ಕೈಕಟ್ಟಿ ಕೂರುವುದು. 17ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಮಿಗೆಲ್ ದೆ ಮೊಲಿನೋಸ್ ಎಂಬ ಸ್ಪೇನಿನ ಪಾದ್ರಿಯ ಬೋಧನೆಯಲ್ಲಿ ಈ ದೋಷ ಕಂಡು 1687ರಲ್ಲಿ ಪೋಪರು ಅದನ್ನು ಖಂಡಿಸಿದರು. ಇದೇ ಪ್ರಶ್ನೆ ಗುಬ್ಬಿಯ ಚರಿತ್ರೆಗೂ ತಾಗುತ್ತದೆ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1740ರಲ್ಲಿ ಲಂಡನ್ನಿನ ಫೆಟರ್ ಲೇನ್ ಸಂಘವನ್ನು ಬಿಟ್ಟು ಹೊರಬಂದದ್ದು ಈ ಜಗಳದಲ್ಲಿಯೇ. ಪೂರ್ಣ ನಂಬಿಕೆ ಬರುವವರೆಗೆ ಪ್ರಾರ್ಥನೆ, ಓದು, ಪ್ರಭುಭೋಜನ ಯಾವುದೂ ಬೇಡ, ಸುಮ್ಮನಿರಿ ಎಂದು ಅಲ್ಲಿ ಕೆಲವರು ಕಲಿಸುತ್ತಿದ್ದರು. ವೆಸ್ಲಿ ಒಪ್ಪಲಿಲ್ಲ. ಕೃಪೆ ಬರುವುದು ದೇವರಿಂದಲೇ, ಆದರೆ ಅದು ಹರಿಯಲು ಅವನೇ ಕೊಟ್ಟ ಕಾಲುವೆಗಳಿವೆ, ಅವುಗಳಲ್ಲಿ ನಿಂತು ಕಾಯಬೇಕು ಎಂಬುದು ಅವರ ನಿಲುವು. ಆ ವೆಸ್ಲಿಯ ಪರಂಪರೆಯ ಮಿಷನರಿ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಕೆಲಸ ಆರಂಭಿಸಿದರು. 1839ರಲ್ಲಿ ಬಂದು ಸೇರಿದ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಇಲ್ಲೇ ಕನ್ನಡ ಕಲಿತು ಬೋಧಿಸಿ, ಆರೋಗ್ಯ ಕೆಟ್ಟು 1841ರಲ್ಲಿ ಮರಳಿದರು. ಅವರು 1856ರಲ್ಲಿ ಪ್ರಕಟಿಸಿದ ‘ದಿ ಟಂಗ್ ಆಫ್ ಫೈರ್’ ಹೊರದೇಶಗಳಲ್ಲಿ ಹೆಸರಾಯಿತು. ಪವಿತ್ರಾತ್ಮ ಇಳಿದುಬರುವ ಮೊದಲು ಶಿಷ್ಯರು ಜೆರುಸಲೇಮಿನಲ್ಲಿ ಕಾದು ಕೂತ ದಿನಗಳಿಗೇ ಅದರಲ್ಲಿ ಒಂದು ಅಧ್ಯಾಯವಿದೆ. ಆ ಕಾಯುವಿಕೆ ಬರಿಗೈಯದಲ್ಲ. ಶಿಷ್ಯರು ಒಟ್ಟಿಗಿದ್ದು, ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತಾ ಕಾದರು. ಬೋಧನೆಗೆ, ಹಾಡಿಗೆ ಹೆಸರಾದ ಮೆಥಡಿಸ್ಟರ ಬೇರಿನಲ್ಲೂ ಮೌನದ ನೀರಿತ್ತು ಎನ್ನುವುದನ್ನು ಅವರ ಸಭೆಗಳಿಂದ ಬಂದ, 1947ರಿಂದ ದಕ್ಷಿಣ ಭಾರತ ಸಭೆಯಾಗಿರುವ ನಾವು ಮರೆಯಬಾರದು.

ತೆರೇಸಾ ಅವರ ದಾರಿ ಕರ್ನಾಟಕಕ್ಕೂ ಬಂದಿದೆ. 1870ರಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಕಾರ್ಮೆಲ್ ಸಂನ್ಯಾಸಿನಿಯರು ಮಂಗಳೂರಿನಲ್ಲಿ ಏಕಾಂತ ಕಾರ್ಮೆಲ್ ಮಠವೊಂದನ್ನು ನೆಲೆಗೊಳಿಸಿದರು. ಅವರಲ್ಲಿ ಗಲಿಲಾಯದಲ್ಲಿ ಹುಟ್ಟಿದ ಮರಿಯಂ ಬವಾರ್ದಿಯೂ ಒಬ್ಬರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಕಥೋಲಿಕ ಪಾದ್ರಿ ಅಮಲೋರ್ಪವದಾಸ್ ಅವರು 1979ರಲ್ಲಿ ಕಟ್ಟಿದ ಅಂಜಲಿ ಆಶ್ರಮ ಇದೇ ಮೌನಕ್ಕೆ ಭಾರತೀಯ ಆಶ್ರಮದ ರೂಪ ಕೊಟ್ಟಿತು. ಆದರೆ ಇದಕ್ಕೆ ಮಠವೇ ಬೇಕೆಂದಿಲ್ಲ. ಮನೆಯ ಒಂದು ಮೂಲೆ, ಬೆಳಗಿನ ಇಪ್ಪತ್ತು ನಿಮಿಷ ಸಾಕು. ಬೆನ್ನು ನೆಟ್ಟಗೆ ಮಾಡಿ ಕೂತು, ಒಂದು ವಚನ ಓದಿ, ಅದರಲ್ಲಿ ಒಂದು ಪದ ಹಿಡಿದು, ಸುಮ್ಮನಾಗುವುದು. ಯೋಚನೆಗಳು ಬಂದೇ ಬರುತ್ತವೆ: ಹಾಲಿನವನ ಲೆಕ್ಕ, ನಿನ್ನೆ ಯಾರೋ ಆಡಿದ ಮಾತು. 4ನೆಯ ಶತಮಾನದ ಸಂನ್ಯಾಸಿ ಇವಾಗ್ರಿಯುಸ್ ಇಂಥ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿಟ್ಟರು. ಮನಸ್ಸು ಓಡುವುದು ನಿಮ್ಮೊಬ್ಬರ ಸಮಸ್ಯೆಯಲ್ಲ. ಅವುಗಳ ಜೊತೆ ಗುದ್ದಾಡದೆ ಮೆಲ್ಲಗೆ ಆ ಪದಕ್ಕೆ ಮರಳಿದರಾಯಿತು. ನೂರು ಸಲ ಹೋದರೆ ನೂರು ಸಲ ಮರಳುವುದೇ ಅಂದಿನ ಪ್ರಾರ್ಥನೆ.

ಏನೂ ಆಗದ ತಿಂಗಳುಗಳೂ ಬರುತ್ತವೆ. ಸವಿಯಿಲ್ಲ, ದೇವರಿದ್ದಾನೆ ಎಂಬ ಅನಿಸಿಕೆಯೂ ಇಲ್ಲ. ತೆರೇಸಾ ಅವರ ಜೊತೆಗಾರ, ಶಿಲುಬೆಯ ಸಂತ ಯೋಹಾನ (1542–1591) ಇದನ್ನು ಕತ್ತಲ ರಾತ್ರಿ ಎಂದರು. ತೊಲೆದೊ ಊರಿನಲ್ಲಿ ತಮ್ಮ ಸಂಘದವರಿಂದಲೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು ನೊಂದವರು ಅವರು. ಈ ಬರಗಾಲವೂ ದೇವರ ಕೆಲಸವೇ, ಅದು ಮನಸ್ಸನ್ನು ತೊಳೆಯುತ್ತದೆ ಎಂದು ಅವರು ಕಂಡುಕೊಂಡರು. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲ್ ಕೆರೆಯ ಸೀಮೆಯವರಿಗೆ ಇದು ಅರ್ಥವಾಗುತ್ತದೆ. ಕೆರೆ ತುಂಬಿರುವಾಗ ಹೂಳೆತ್ತಲು ಬರುವುದಿಲ್ಲ. ಅಂಗಳ ಒಣಗಿ ಬಿರುಕು ಬಿಟ್ಟಾಗಲೇ ಆ ಕೆಲಸ. ಆ ವರ್ಷ ತೆಗೆದ ಹೂಳಿನಷ್ಟೇ ಮುಂದಿನ ಮಳೆಗೆ ಜಾಗ.

ಮೌನ ಫಲಿಸಿತೋ ಇಲ್ಲವೋ ಎಂದು ತಿಳಿಯಲು ದರ್ಶನ, ಪುಳಕಗಳನ್ನು ಅಳೆಯಬೇಡಿ ಎಂಬುದರಲ್ಲಿ ತೆರೇಸಾ, ಯೋಹಾನ ಇಬ್ಬರದೂ ಒಂದೇ ಮಾತು. ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ನಿಮ್ಮ ತಾಳ್ಮೆ ಎಷ್ಟು ಹೆಚ್ಚಿತು ಎಂದು ನೋಡಿಕೊಳ್ಳಿ. ನೀರು ಬಿದ್ದದ್ದು ಮರ ಹೇಳುತ್ತದೆ.

ಜೂನ್‌ನಲ್ಲಿ ಮತ್ತೆ ಆ ತೋಟದ ದಾರಿಯಲ್ಲಿ ಹೋದೆ. ಹಿಂದಿನ ರಾತ್ರಿ ಒಳ್ಳೆ ಮಳೆಯಾಗಿತ್ತು. ಒಂದೊಂದು ಪಾತಿಯಲ್ಲೂ ಕೆನ್ನೀರು ನಿಂತು, ಗುಳ್ಳೆ ಬಿಡುತ್ತಾ ನಿಧಾನವಾಗಿ ಇಂಗುತ್ತಿತ್ತು. ಪಾತಿ ಬಿಡಿಸದ ಪಕ್ಕದ ತೋಟದ ಮೇಲೂ ಬಿದ್ದದ್ದು ಅದೇ ಮಳೆ. ಅಲ್ಲಿಯ ನೀರು ಬೇಲಿ ದಾಟಿ ಹಳ್ಳ ಸೇರಿತ್ತು.