ತಿಳಿದರೂ ನಿಲ್ಲದ ಸೀನು

ಹಗ್ಗವೆಂದು ಗೊತ್ತಾದ ಗಳಿಗೆಯಲ್ಲೇ ಹಾವಿನ ಭಯ ಹೋಗುತ್ತದೆ ಎಂಬುದು ಅದ್ವೈತಿಗಳ ಮೆಚ್ಚಿನ ದೃಷ್ಟಾಂತ. ದುಃಖದ ಬೇರು ಅಜ್ಞಾನ, ಆದ್ದರಿಂದ ಜ್ಞಾನವೊಂದೇ ಮದ್ದು ಎಂಬ ವಾದ ಅದರ ಮೇಲೆ ನಿಂತಿದೆ. ಈ ವಾದವನ್ನು ಪರಾಗದ ಅಲರ್ಜಿಯ ಎದುರಿಗೆ ಇಟ್ಟು ನೋಡಬೇಕು. ಹುಲ್ಲಿನ ಪರಾಗಕ್ಕೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ. ಅದು ಗಾಳಿ ಹಿಡಿದು ಇನ್ನೊಂದು ಹುಲ್ಲಿನ ಹೂವಿಗೆ ಹೊರಟ ಕಣ. ಕೆಲವರ ದೇಹ ಅದನ್ನೇ ವೈರಿಯೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ಕಟ್ಟಿಕೊಳ್ಳುತ್ತದೆ. ಮುಂದೆ ಅದೇ ಪರಾಗ ಮೂಗು ಹೊಕ್ಕರೆ ಹಿಸ್ಟಮಿನ್ ಸುರಿಯುತ್ತದೆ, ಸೀನು ಶುರುವಾಗುತ್ತದೆ, ಕಣ್ಣು ಉರಿಯುತ್ತದೆ. ಇಷ್ಟು ಅಪ್ಪಟ ರಜ್ಜುಸರ್ಪ ಬೇರೆಡೆ ಸಿಗುವುದು ಕಷ್ಟ. ಆದರೆ ಇಲ್ಲಿ ಹಗ್ಗದ ಗುರುತು ಸಿಕ್ಕ ಮೇಲೂ ಹಾವು ಕಚ್ಚುತ್ತಲೇ ಇರುತ್ತದೆ.

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಯ ಕತೆ ಇದಕ್ಕೆ ಸಾಕ್ಷಿ. ಅವನಿಗಿಂತ ಮೊದಲು, 1819ರಲ್ಲಿ, ಈ ಕಾಯಿಲೆಯನ್ನು ವಿವರಿಸಿದ ಜಾನ್ ಬಾಸ್ಟಾಕ್ ಬೇಸಿಗೆಯ ಬಿಸಿಲನ್ನು ದೂರಿದ್ದ. ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ: ಪರಾಗವನ್ನು ಮೂಗಿಗೆ ಸೇದಿದ, ಚರ್ಮ ಗೀರಿ ಅದರ ಮೇಲಿಟ್ಟ, ಅಂಟು ಬಳಿದ ಗಾಜಿನ ಪಟ್ಟಿಗಳ ಮೇಲೆ ಬಿದ್ದ ಕಣಗಳನ್ನು ದಿನದಿನವೂ ಎಣಿಸಿದ, ಗಾಳಿಪಟಕ್ಕೆ ಪಟ್ಟಿ ಕಟ್ಟಿ ಆಕಾಶದ ಪರಾಗವನ್ನೂ ಹಿಡಿದ. 1873ರಲ್ಲಿ ಪುಸ್ತಕವೇ ಬಂತು. ಜಗತ್ತಿನಲ್ಲಿ ಈ ವಿಷಯವನ್ನು ಅವನಷ್ಟು ಬಲ್ಲವರಿರಲಿಲ್ಲ, ಆದರೂ ಆ ಅರಿವು ಅವನ ಮೂಗನ್ನು ವಾಸಿ ಮಾಡಲಿಲ್ಲ. ಲಂಡನ್ನಿನ ಲೆನರ್ಡ್ ನೂನ್‌ನದು ಇದರ ತಿರುವುಮುರುವು. ಪರಾಗದಲ್ಲಿ ವಿಷವಿದೆ ಎಂದು ಅವನು ನಂಬಿದ್ದ, ಅದು ತಪ್ಪು. ಆದರೆ 1911ರಲ್ಲಿ ಅವನು ಹುಲ್ಲಿನ ಪರಾಗದ ಸಾರವನ್ನು ತೀರ ಸಣ್ಣ ಪ್ರಮಾಣದಿಂದ ತೊಡಗಿ ಏರಿಸುತ್ತ ಚುಚ್ಚಿದಾಗ ರೋಗಿಗಳ ದೇಹ ಪರಾಗವನ್ನು ಸಹಿಸತೊಡಗಿತು. ಆ ಪದ್ಧತಿ ಇಂದಿಗೂ ಉಳಿದಿದೆ, ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಸರಿಯಾದ ತಿಳಿವಳಿಕೆ ಸೋತ ಕಡೆ ತಪ್ಪು ತಿಳಿವಳಿಕೆಯ ಹಿಂದಿದ್ದ ಅಭ್ಯಾಸ ಗೆದ್ದಿತು. ಭ್ರಮೆ ಎಲ್ಲಿ ನೆಲೆಸಿದೆಯೋ ಅಲ್ಲಿಗೇ ಮದ್ದು ತಲುಪಬೇಕು, ಬುದ್ಧಿಗೆ ತಲುಪಿದರೆ ಸಾಲದು ಎಂಬುದೇ ನನ್ನ ವಾದ.

ಜೀವಕೋಶಕ್ಕೆ ನಂಬಿಕೆಯೇ ಇಲ್ಲ, ಅದರ ಮೇಲೆ ಭ್ರಮೆ ಹೊರಿಸುವುದು ಬರೀ ಅಲಂಕಾರ ಎಂದು ವಿಜ್ಞಾನಿ ಆಕ್ಷೇಪಿಸಬಹುದು. ಒಪ್ಪೋಣ. ಆದರೆ ಕಾವಲಿಗೆಂದು ಇರುವ ವ್ಯವಸ್ಥೆ ನಿರುಪದ್ರವಿಯ ಮೇಲೆ ಬಿದ್ದಾಗ ಅದನ್ನು ತಪ್ಪೆನ್ನಲು ನಂಬಿಕೆಯ ಅಗತ್ಯವಿಲ್ಲ. ವೇದಾಂತಿಯ ಆಕ್ಷೇಪ ಹೆಚ್ಚು ತೂಕದ್ದು: ಹಗ್ಗ-ಹಾವು ನಿರುಪಾಧಿಕ ಭ್ರಮೆ, ಸ್ಫಟಿಕದ ಪಕ್ಕದಲ್ಲಿ ಕೆಂಪು ಹೂವಿಟ್ಟಾಗ ಕಾಣುವ ಕೆಂಪು ಸೋಪಾಧಿಕ, ಹೂವನ್ನು ಸರಿಸುವ ತನಕ ಅದು ಹೋಗದು. ಸೀನು ಈ ಎರಡನೆಯ ಬಗೆ. ಜ್ಞಾನಿಗೂ ಪ್ರಾರಬ್ಧದ ದೇಹ ಉಳಿದೇ ಇರುತ್ತದೆ, ಜ್ಞಾನ ಕಡಿಯುವುದು "ನಾನು ನರಳುತ್ತಿದ್ದೇನೆ" ಎಂಬ ಗಂಟನ್ನು ಮಾತ್ರ. ಸೊಗಸಾದ ಉತ್ತರ, ಆದರೆ ಬೆಲೆ ತೆತ್ತು ಕೊಂಡದ್ದು. ನಮ್ಮ ದಿನನಿತ್ಯದ ಅಂಜಿಕೆ, ಅಸಹ್ಯ, ಜಾತಿಯ ಮೈಲಿಗೆ ಇವೆಲ್ಲ ಸೋಪಾಧಿಕದ ಸಾಲಿಗೇ ಸೇರುತ್ತವೆ. ಹಾಗಾದರೆ ಪ್ರವಚನದ ವೇದಿಕೆಯಿಂದ ಹಗ್ಗದ ಕತೆಯೊಂದನ್ನೇ ಹೇಳುವುದು ಅರ್ಧ ಸತ್ಯ.

ಇಲ್ಲಿ ಯೋಗದರ್ಶನ ಹೆಚ್ಚು ಪ್ರಾಮಾಣಿಕ ಎನ್ನಿಸುತ್ತದೆ. ಒಂದು ಸಂಸ್ಕಾರವನ್ನು, ಅಂದರೆ ಮನಸ್ಸಿನಲ್ಲಿ ಉಳಿದ ಅಚ್ಚನ್ನು, ತಡೆಯುವುದು ಇನ್ನೊಂದು ಸಂಸ್ಕಾರ ಎನ್ನುತ್ತದೆ ಅದು. ಹಾಗೆಯೇ ನೂನ್‌ನ ಪದ್ಧತಿಯ ಚಿಕಿತ್ಸೆ ಪಡೆದ ದೇಹದಲ್ಲೂ ಐಜಿಇ ಥಟ್ಟನೆ ಅಳಿಯುವುದಿಲ್ಲ. ಪಕ್ಕದಲ್ಲಿ ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯ ಬೆಳೆದು ಪರಾಗವನ್ನು ಅಡ್ಡಗಟ್ಟುತ್ತದೆ. ಹಾಗೆಂದು ಜ್ಞಾನ ವ್ಯರ್ಥವಲ್ಲ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂನ ಪರಾಗವೂ ಮೂಗಿನ ಅಲರ್ಜಿ ತರುತ್ತದೆ. ಅದನ್ನು ಹೂ ಬಿಡುವ ಮೊದಲೇ ಕೀಳಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂಬುದು ತಿಳಿದವರಿಂದಲೇ ಬಂದ ಮಾತು. ಮಣ್ಣಿನಲ್ಲಿ ಬೀಜ ವರ್ಷಗಟ್ಟಲೆ ಉಳಿಯುವುದರಿಂದ ಆ ಕೆಲಸವನ್ನು ಮುಂದಿನ ಮಳೆಗೂ ಅದರ ಮುಂದಿನ ಮಳೆಗೂ ಮಾಡಬೇಕಾಗುತ್ತದೆ.