ಶುಶ್ರೂಷೆಯೂ ಅಪ್ರಮಾದವೂ

ರೋಗಿಗಳ, ವೃದ್ಧರ ಸೇವೆಯನ್ನು ಜೈನಾಚಾರ್ಯರು ಕೇವಲ ಪರೋಪಕಾರವೆಂದು ಬಗೆಯಲಿಲ್ಲ. ವೈಯಾವೃತ್ಯವೆಂಬ ಹೆಸರಿನಿಂದ ಅದನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದರು. ಮುನಿಸಂಘದ ಸೇವೆಯನ್ನು ಕುರಿತು ಮೂಡಿದ ಈ ವಿಚಾರವು ಗೃಹಸ್ಥರ ಬಾಳಿಗೂ ಬೆಳಕಾಗಿದೆ. ಇಂದು ಚನ್ನಗಿರಿಯ ಅಡಕೆ ತೋಟದ ಮನೆಗಳಿಂದ, ತುಂಗಭದ್ರೆಯ ದಡದ ಹೊನ್ನಾಳಿಯಿಂದ, ನೆರೆಯ ನ್ಯಾಮತಿಯಿಂದ, ಮಳೆ ಕಡಮೆಯಾದ ಜಗಳೂರು ಸೀಮೆಯಿಂದ ಮಕ್ಕಳು ನರ್ಸಿಂಗ್ ಶಿಕ್ಷಣಕ್ಕೆ ಹೊರಡುವಾಗ ಹೆತ್ತವರು ಶುಲ್ಕ, ವಸತಿ, ನೌಕರಿಗಳನ್ನು ಕುರಿತು ಆಲೋಚಿಸುತ್ತಾರೆ. ಆದರೆ ಮಗಳ ಕೈಯಿಂದ ರೋಗಿಗೆ ಅಪಾಯವಾದರೆ ಹೊಣೆ ಯಾರದು, ಆಕೆಗೇ ರೋಗ ತಗುಲಿದರೆ ಆಸರೆ ಯಾರದು ಎಂಬ ಪ್ರಶ್ನೆಗಳು ಕೇಳದೆ ಉಳಿಯುತ್ತವೆ.

ಒಂದು ಸಂದರ್ಭವನ್ನು ಊಹಿಸಬಹುದು. ರಾತ್ರಿಪಾಳಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಇಡೀ ವಾರ್ಡಿನ ಭಾರ ಬಿದ್ದಿದೆ. ಹತ್ತು ಗಂಟೆಗೆ ಕೊಡಬೇಕಾದ ಇಂಜೆಕ್ಷನ್ನನ್ನು ಆಕೆ ಮರೆತು ಹನ್ನೆರಡಕ್ಕೆ ಕೊಡುತ್ತಾಳೆ. "ಹತ್ತಕ್ಕೇ ಕೊಟ್ಟೆ ಅಂತ ಬರೆದುಬಿಡಮ್ಮ" ಎಂದು ಹಿರಿಯರೊಬ್ಬರು ಹೇಳುತ್ತಾರೆ, ಆಕೆ ಬರೆಯುತ್ತಾಳೆ. ರೋಗಿಗೆ ಏನೂ ಆಗುವುದಿಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಕಾನೂನು ಪರಿಹಾರ ಕೊಡಿಸುವ ಮುನ್ನ ಮೂರು ಅಂಶಗಳನ್ನು ನೋಡುತ್ತದೆ: ಎಚ್ಚರ ವಹಿಸುವ ಕರ್ತವ್ಯವಿತ್ತೆ, ಅದು ಮುರಿಯಿತೆ, ಅದರಿಂದ ಹಾನಿಯಾಯಿತೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ದೆಹಲಿಯ ಆಸ್ಪತ್ರೆಯೊಂದರಲ್ಲಿ ದಾದಿ ಕೊಟ್ಟ ಇಂಜೆಕ್ಷನ್ನಿನಿಂದ ಮಗುವೊಂದರ ಬಾಳು ಹಾಳಾದ ಪ್ರಕರಣದಲ್ಲಿ 1998ರಲ್ಲಿ ಅದೇ ನ್ಯಾಯಾಲಯವು ಆಸ್ಪತ್ರೆಯನ್ನೇ ಹೊಣೆಯಾಗಿಸಿ, ಮಗುವಿಗೆ 12.5 ಲಕ್ಷ, ತಂದೆತಾಯಿಗಳಿಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಸೇವಕರ ತಪ್ಪಿಗೆ ಸಂಸ್ಥೆ ಬಾಧ್ಯವೆಂದ ಮಾತ್ರಕ್ಕೆ ದಾದಿ ಮುಕ್ತಳಲ್ಲ. ವೈದ್ಯವೃತ್ತಿಯಲ್ಲಿ ಘೋರ ನಿರ್ಲಕ್ಷ್ಯವಿದ್ದಾಗ ಮಾತ್ರ ಅದು ಅಪರಾಧವಾಗುತ್ತದೆಂದು 2005ರ ತೀರ್ಪು ಹೇಳಿತು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯು ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿ, ನೋಂದಾಯಿತ ವೈದ್ಯರಿಗೆ ಅದನ್ನು 2 ವರ್ಷಕ್ಕೆ ಮಿತಗೊಳಿಸಿದೆ. ಆ ರಿಯಾಯಿತಿಯ ವಿವರಣೆಯಲ್ಲಿ ದಾದಿಯರ ಹೆಸರಿಲ್ಲ. ವಿದ್ಯಾರ್ಥಿನಿಯು ಇನ್ನೂ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತಳಲ್ಲವಾದ್ದರಿಂದ ಮೇಲ್ವಿಚಾರಣೆಯಲ್ಲಿಯೇ ಕೆಲಸ ಮಾಡತಕ್ಕದ್ದು. "ಇದು ನನಗೆ ತಿಳಿಯದು" ಎಂದು ಹೇಳುವುದು ಆಕೆಗೆ ಅವಮಾನವಲ್ಲ, ಕರ್ತವ್ಯ.

ಧರ್ಮದ ಪ್ರಶ್ನೆ ಇನ್ನೂ ಆಳವಾದುದು. ಈರ್ಯಾಸಮಿತಿಯಿಂದ ನೆಲ ನೋಡಿ ನಡೆಯುವ ಮುನಿಯ ಕಾಲಡಿಯಲ್ಲಿ ಅಕಸ್ಮಾತ್ತಾಗಿ ಕ್ಷುದ್ರಜೀವಿ ಸಿಲುಕಿ ಸತ್ತರೂ ಆತನಿಗೆ ಹಿಂಸಾದೋಷವಿಲ್ಲ. ಎಚ್ಚರಗೇಡಿಯಾಗಿ ನಡೆಯುವವನ ಕಾಲಿಗೆ ಇರುವೆಯೂ ಸಿಲುಕದಿದ್ದರೂ ಆತ ಹಿಂಸಕನೇ. ಹಿಂಸೆಯ ಬೇರು ಪ್ರಮಾದದಲ್ಲಿದೆಯೇ ಹೊರತು ಪರಿಣಾಮದಲ್ಲಲ್ಲ. ಆದುದರಿಂದ ಯಾರಿಗೂ ಹಾನಿಯಾಗದ ಆ ರಾತ್ರಿ ಕಾನೂನು ಪರಿಹಾರ ಕೊಡಿಸದೆ ಇರಬಹುದು, ಧರ್ಮವು ಸುಮ್ಮನಿರದು. ಸುಳ್ಳು ದಾಖಲೆ ಬರೆಯುವ ಕೂಟಲೇಖಕ್ರಿಯೆಯು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಪರರ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವೂ ಅದರಲ್ಲಿಯೇ ಸೇರಿದೆ. ರೋಗಿಯ ದಾಖಲೆಯ ಪ್ರಾಮಾಣಿಕತೆ, ರೋಗಿಯ ಗೋಪ್ಯತೆ ಎಂದು ಇಂದಿನ ಪಠ್ಯ ಕಲಿಸುವುದು ಶ್ರಾವಕರಿಗೆ ಹೊಸತೇನಲ್ಲ.

ಆದರೆ ದೋಷವೆಲ್ಲ ಆ ಹುಡುಗಿಯದೇ ಎನ್ನುವುದು ನ್ಯಾಯವಲ್ಲ. ಶಕ್ತಿಮೀರಿ ಭಾರ ಹೊರಿಸುವ ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರ. ಕಲಿಯಬಂದವಳಿಗೆ ವಾರ್ಡನ್ನೇ ಒಪ್ಪಿಸಿದ ಆಡಳಿತ, ಸುಳ್ಳು ಬರೆಯೆಂದ ಹಿರಿಯರು ಸಹ ಪಾಲುದಾರರು. ತಪ್ಪನ್ನು ಗುರುವಿನ ಮುಂದೆ ನಿವೇದಿಸುವ ಆಲೋಚನೆಯ ಕ್ರಮವನ್ನು ಬಲ್ಲ ಸಮಾಜವು, ಆಗಲೇ ತಪ್ಪೊಪ್ಪಿದ ವಿದ್ಯಾರ್ಥಿನಿಯನ್ನು ಗದರಿಸದೆ ಕೇಳಿಸಿಕೊಳ್ಳಬೇಕು. ಬೇಗ ತಿಳಿದ ತಪ್ಪಿಗೆ ಮದ್ದುಂಟು. ಮುಚ್ಚಿಟ್ಟ ತಪ್ಪು ಪ್ರಾಣಕ್ಕೆ ಎರವಾದೀತು.

ಇಲ್ಲಿ ವಿಮೆಯ ವಿಚಾರ ಬರುತ್ತದೆ. ವೃತ್ತಿಯ ಹೊಣೆಗೆ ಮಾಡಿಸುವ ವಿಮೆಯು ಪರಿಹಾರದ ಹಣ ತೆತ್ತೀತು; ಕರ್ಮವನ್ನು ವರ್ಗಾಯಿಸದು. ಆರೋಗ್ಯವಿಮೆ ಬೇರೆ ಬಗೆಯದು: ಅನೇಕರು ಸ್ವಲ್ಪಸ್ವಲ್ಪ ಕೂಡಿಟ್ಟು ಕಷ್ಟಕ್ಕೆ ಸಿಕ್ಕಿದವರನ್ನು ಎತ್ತುವುದು ಅದರ ತಿರುಳು. ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಕ್ಕೆ ಇದು ಸಮೀಪವಾಗಿದೆ. ಸಹಕಾರ ಸಂಘಗಳ ಸದಸ್ಯ ಕುಟುಂಬಗಳಿಗಾಗಿ 2003ರಲ್ಲಿ ಆರಂಭವಾಗಿ 2022ರಲ್ಲಿ ಪುನಃ ಜಾರಿಗೆ ಬಂದ ಯಶಸ್ವಿನಿ ಯೋಜನೆ ಇದಕ್ಕೆ ನಿದರ್ಶನ. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವೀಯುತ್ತದೆ. ಖಾಸಗಿ ವಿಮೆ ಕೊಳ್ಳುವವರು ಅರ್ಜಿಯಲ್ಲಿ ಮೊದಲೇ ಇರುವ ರೋಗಗಳನ್ನು ಮರೆಮಾಚಬಾರದು. ಹಾಗೆ ತಿಳಿಸಿದ ರೋಗಗಳಿಗೆ 2024ರ ನಿಯಮದಂತೆ ಕಾಯುವ ಅವಧಿ 3 ವರ್ಷ ಮೀರುವಂತಿಲ್ಲ. ಮರೆಮಾಚಿದವರ ಕ್ಲೇಮು ತಿರಸ್ಕೃತವಾದೀತು. ಅಲ್ಲಿಯೂ ಸುಳ್ಳು ಬರಹವು ಕೂಟಲೇಖವೇ.

ಬಸದಿಗಳ ಟ್ರಸ್ಟುಗಳು ಔಷಧದಾನ, ಶಾಸ್ತ್ರದಾನಗಳಿಗೆ ಹಣ ಮೀಸಲಿಡುವುದುಂಟು. ನರ್ಸಿಂಗ್ ಓದುವವರಿಗೆ ಶುಲ್ಕ ನೀಡುವಾಗ ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳ, ಒಂದು ವರ್ಷದ ಆರೋಗ್ಯವಿಮೆಯ ವೆಚ್ಚವನ್ನೂ ಸೇರಿಸಿದರೆ ಔಷಧ, ಶಾಸ್ತ್ರಗಳ ಜೊತೆಗೆ ಅಭಯದಾನವೂ ಕೂಡಿಬರುತ್ತದೆ. ಬಳಸಿದ ಸೂಜಿ ಕೈಗೆ ಚುಚ್ಚಿದ ರಾತ್ರಿ ಆ ಹುಡುಗಿಗೆ ಬೇಕಾದುದು ಉಪದೇಶವಲ್ಲ, ಅಭಯ. ಅಭಯ ಪಡೆದವಳು ಸತ್ಯ ಹೇಳಲು ಹೆದರುವುದಿಲ್ಲ. ಸತ್ಯ ಹೇಳುವ ಕೈಯಲ್ಲಿ ರೋಗಿಯ ಜೀವ ಸುರಕ್ಷಿತವಾಗಿರುತ್ತದೆ.